ಬಾಲ್ಕನಿ ಅಂಚಿನ ರುಬಾರ್ಬ್

ಮಾರ್ಚ್ 6

ಪ್ರೀತಿಯ ಅಕ್ಕನಿಗೆ,

ನಿನ್ನ ಕಿವಿ ಪೂರ್ತಿ ಕೈಕೊಟ್ಟ ಮೇಲೆ ಫೋನಿನಲ್ಲಿ ನಾನು ಕಿರುಚುವುದು, ನೀನು ‘ಆಂ? ಆಂ?’ ಎನ್ನುವುದು ಇಬ್ಬರಿಗೂ ಸಾಕಾಗಿದೆ. ಇನ್ನು ಕಾಗದವೇ ಗತಿ. ಜಗಳವಾಡಿದರೂ ಬರೆದೇ ಆಡೋಣ.

ನಿನ್ನ ನರ್ಸರಿ ವಿದ್ಯೆ ಈಗ ನನಗೆ ಬೇಕಾಗಿದೆ. ನಮ್ಮ ಬಾಲ್ಕನಿಯಲ್ಲಿ ಒಂದು ರುಬಾರ್ಬ್ ಗಿಡ ಸಾಯುತ್ತಿದೆ. ಹೋದ ಸಲ ಹಡಗು ಹತ್ತುವ ಮೊದಲು ಇವರು ಒಂದು ಗಡ್ಡೆ ತಂದು ಬಕೆಟ್ಟಿನಲ್ಲಿ ನೆಟ್ಟು, ‘ಅಮ್ಮಂಗೆ ಹೊತ್ತು ಹೋಗುತ್ತೆ’ ಎಂದು ಹೇಳಿ ಹೊರಟುಬಿಟ್ಟರು. ಹಡಗಿನ ಎಂಜಿನ್ ನೋಡಿಕೊಳ್ಳುವವರಿಗೆ ಗಿಡವೂ ಎಂಜಿನ್ನೇ. ಎಣ್ಣೆ ಹಾಕಿದರೆ ಓಡುತ್ತದೆ. ಅತ್ತೆಯ ತವರಿನ ಹಿತ್ತಿಲಲ್ಲಿ ರುಬಾರ್ಬಿನ ಸಾಲೇ ಇತ್ತಂತೆ. ಆ ಕೆಂಪು ಹುಳಿ ದಂಟನ್ನು ಅವರ ತಾಯಿ ಸಕ್ಕರೆ ಹಾಕಿ ಬೇಯಿಸಿಕೊಡುತ್ತಿದ್ದರಂತೆ.

ಈಗ ದಂಟು ಪೆನ್ಸಿಲ್ಲಿನಷ್ಟು ಸಣ್ಣ. ಎಲೆಗಳು ಹಳದಿಯಾಗಿ ಜೋತುಬಿದ್ದಿವೆ, ಬೆಳಿಗ್ಗೆಯೂ ತಲೆ ಎತ್ತುವುದಿಲ್ಲ. ಮಣ್ಣು ಮುಟ್ಟಿದರೆ ಒದ್ದೆ. ಬುಡದಲ್ಲಿ ಕೊಳೆತ ವಾಸನೆ. ನೀರು ಹಾಕಿದರೆ ಸುರಿದು ಬಾಗಿಲ ಬುಡದ ಮೋರಿಗೆ ಹರಿದು ಬಂದು ಕಾಲೊರೆಸು ನೆನೆಯುತ್ತದೆ, ಅದಕ್ಕೂ ನನಗೇ ಬೈಗುಳ. ನಾವಿಬ್ಬರೂ ಅತ್ತೆಗೆ ಜಡ್ಜಮ್ಮ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ನಿನ್ನೆಯ ತೀರ್ಪು: ‘ನಿನ್ನದು ಒಣಗೈ ಕಣೇ. ಪ್ಲಾಸ್ಟಿಕ್ ಹೂವು ಕೊಟ್ರೂ ಬಾಡಿಸ್ತೀಯ.’

ನಾನು ಕನ್ನಡಕದ ಅಂಗಡಿಯಲ್ಲಿ ಇಡೀ ದಿನ ಬೇರೆಯವರ ಕಣ್ಣು ಸರಿಮಾಡಿ ಬಂದು, ಮನೆಯಲ್ಲಿ ಈ ಕಣ್ಣುಗಳ ಕೆಳಗೆ ಕೂರುತ್ತೇನೆ. ಒಂದೊಂದು ದಿನ ಅನ್ನಿಸುತ್ತದೆ, ಈ ಮನೆಯಲ್ಲಿ ನಮ್ಮಿಬ್ಬರಲ್ಲಿ ಒಬ್ಬರು ಮಾತ್ರ ಉಳಿಯುವುದು ಎಂದು.

ಗಿಡ ಉಳಿಸು ಮಾರಾಯ್ತಿ.

ನಿನ್ನ ಮೆಣಸಿ


ಮಾರ್ಚ್ 13

ಮೆಣಸಿ,

ಮಣ್ಣು ಒದ್ದೆಯಿದ್ದೂ ಎಲೆ ಬಾಡಿದೆ ಎಂದರೆ ಅದು ಬಾಯಾರಿಕೆಯಲ್ಲ, ಬೇರು ಮುಳುಗಿದೆ. ಕುಂಡದಲ್ಲಿ ರುಬಾರ್ಬ್ ಸಾಯುವುದು ಹೆಚ್ಚಾಗಿ ಹೀಗೆಯೇ. ಬಾಡಿತೆಂದು ಜನ ಇನ್ನಷ್ಟು ನೀರು ಸುರಿಯುತ್ತಾರೆ, ಅದು ಇನ್ನಷ್ಟು ಕೊಳೆಯುತ್ತದೆ.

ಬಕೆಟ್ ಮಗುಚಿ ಗಡ್ಡೆ ಹೊರಗೆ ತೆಗೆ. ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾದದ್ದನ್ನೆಲ್ಲ ಚಾಕುವಿನಿಂದ ಕೆತ್ತಿಹಾಕು, ಕನಿಕರ ಬೇಡ. ಗಟ್ಟಿಯಾಗಿ ಗುಲಾಬಿ ಮೊಗ್ಗಿರುವ ಭಾಗವಷ್ಟೇ ಉಳಿಯಲಿ. ಎರಡು ಮೂರು ಹೋಳಾದರೂ ಪರವಾಗಿಲ್ಲ, ಒಂದೊಂದರಲ್ಲೂ ಮೊಗ್ಗಿರಬೇಕು. ಬಕೆಟ್ ಅದಕ್ಕೆ ಸಾಲದು. ಮಂಡಿಯೆತ್ತರದ, ನಿನ್ನ ಎರಡು ತೋಳಿಗೆ ತುಂಬುವಷ್ಟು ಅಗಲದ ಟಬ್ ಬೇಕು, ಒಂದಕ್ಕೆ ಒಂದೇ ಗಡ್ಡೆ. ತಳಕ್ಕೆ ಹೆಬ್ಬೆರಳು ತೂರುವ ತೂತುಗಳು. ಹಗುರ ಮಣ್ಣು ನಂಬಬೇಡ. ತೋಟದ ಮಣ್ಣು, ಹಳೇ ಗೊಬ್ಬರ ಸೇರಿಸಿ ತುಂಬು. ಮೊಗ್ಗು ಮಣ್ಣಿನ ಮಟ್ಟಕ್ಕೇ ಇರಲಿ, ಹೂತುಬಿಟ್ಟರೆ ಮತ್ತೆ ಕೊಳೆಯುತ್ತದೆ. ಈ ವರ್ಷ ಆ ಹೋಳುಗಳಿಂದ ಒಂದು ದಂಟೂ ಕೀಳಬೇಡ.

ಮತ್ತೆ, ತಿನ್ನುವುದು ದಂಟು ಮಾತ್ರ. ಎಲೆ ವಿಷ. ಇದನ್ನು ಮರೆಯಬೇಡ.

ಅತ್ತೆಯ ಮಾತು ಒಳಗೆ ನಿಲ್ಲಿಸಿಕೊಳ್ಳಬೇಡ. ನಿಂತ ನೀರು ಗಿಡಕ್ಕೂ ಆಗದು, ಮನುಷ್ಯರಿಗೂ ಆಗದು. ಇಬ್ಬರಲ್ಲಿ ಒಬ್ಬರು ಉಳಿಯುವುದು ಎಂದೆಲ್ಲ ಬರೆಯಬೇಡ, ಆ ಸಾಲನ್ನು ಎರಡು ಸಲ ಓದಿದೆ.

ಅಕ್ಕ


ಏಪ್ರಿಲ್ 9

ಅಕ್ಕಾ,

ಬದುಕಿತು! ಕೆತ್ತಿ ಕೆತ್ತಿ ಮೂರು ಹೋಳು ಉಳಿದವು, ಮೂರೂ ಚಿಗುರಿವೆ. ಹಳೇ ಪೀಪಾಯಿಗಳನ್ನು ಅರ್ಧಕ್ಕೆ ಕೊಯ್ಸಿ ತಂದೆ. ಮಣ್ಣಿನ ಚೀಲಗಳನ್ನು ಮೂರನೇ ಮಹಡಿಗೆ ಹೊತ್ತ ಹಮಾಲರು ಏದುಸಿರು ಬಿಡುತ್ತಾ, ‘ಮೇಡಂ, ಮನೇಲಿ ಹೊಲ ಉಳ್ತೀರಾ?’ ಎಂದು ಕೇಳಿದರು. ಬಾಲ್ಕನಿಯಲ್ಲಿ ಚಿಕ್ಕ ಕುಂಡ ಬಿಟ್ಟು ಬೇರೇನೂ ಇಡಬಾರದೆಂದು ಮನೆ ಮಾಲೀಕರ ನಿಯಮವಿದೆ. ಹಾಗಾಗಿ ಅವರು ಊಟಕ್ಕೆ ಹೋದ ಹೊತ್ತು ನೋಡಿ ಸಾಗಿಸಿದೆವು. ಅತ್ತೆ ಮೆಟ್ಟಿಲಲ್ಲಿ ಕಾವಲು ನಿಂತಿದ್ದರು. ಮಾಲೀಕರು ಬಂದರೆ ಕೆಮ್ಮಬೇಕೆಂದು ಮಾತಾಗಿತ್ತು. ಯಾರೂ ಬರಲಿಲ್ಲ, ಆದರೂ ಕೆಮ್ಮಿದರು. ಒಬ್ಬ ಹಮಾಲ ಚೀಲ ಬಿಟ್ಟು ಓಡಿಬಿಟ್ಟ. ಆಮೇಲೆ ನಾವಿಬ್ಬರೂ ಅಡುಗೆಮನೆಯಲ್ಲಿ ಕೂತು ನಕ್ಕಿದ್ದೇ ನಕ್ಕಿದ್ದು. ಈ ಮನೆಗೆ ಬಂದ ಮೇಲೆ ಅವರು ಬಾಯಿ ತುಂಬ ನಕ್ಕಿದ್ದನ್ನು ಇದೇ ಮೊದಲು ನೋಡಿದ್ದು.

ಈಗ ಅವರ ಕುರ್ಚಿ ಬಾಲ್ಕನಿಯಲ್ಲೇ. ಬೆಳಿಗ್ಗೆ ಎದ್ದರೆ ಗಿಡಗಳಿಗೆ ಹಾಜರಿ ತೆಗೆದುಕೊಳ್ಳುತ್ತಾರೆ.

ಒಂದು ತಾಪತ್ರಯ. ಒಂದು ಗಿಡದ ನಡುವಿನಿಂದ ಕೋಲಿನಂಥ ದಪ್ಪ ಕಾಂಡ ಎದ್ದಿದೆ, ತುದಿಯಲ್ಲಿ ಹೂಕೋಸಿನಂಥ ಗಂಟು. ಇದೇನು?

ಮೆಣಸಿ


ಏಪ್ರಿಲ್ 17

ಮೆಣಸಿ,

ಅದು ಹೂವಿನ ಕಾಂಡ. ಸಾಯುತ್ತೇನೆಂದು ಹೆದರಿದ ಗಿಡ ಬೀಜ ಬಿಟ್ಟು ಹೋಗಲು ನೋಡುತ್ತದೆ. ಬುಡಕ್ಕೇ ಕತ್ತರಿಸು. ಬಿಟ್ಟರೆ ಇದ್ದ ಶಕ್ತಿಯೆಲ್ಲ ಹೂವಿಗೇ ಹೋಗಿ ದಂಟು ಬಡವಾಗುತ್ತದೆ. ಮಣ್ಣಿನ ಮೇಲೆ ಕಾಂಪೋಸ್ಟ್ ಹೊದಿಸು. ಬಿಸಿಲು ಏರಿದಾಗ ಟಬ್ಬು ಬೇಗ ಒಣಗುತ್ತದೆ, ಆಗ ನೀರಿಗೆ ಜಿಪುಣತನ ಮಾಡಬೇಡ. ತಳದಿಂದ ಹೊರಬರುವವರೆಗೆ ಹಾಕು.

ನಕ್ಕಿದ್ದು ಓದಿ ಸಂತೋಷವಾಯಿತು.

ಅಕ್ಕ


ಜೂನ್ 2

ಅಕ್ಕನಿಗೆ,

ಬಹಳ ದಿನ ಬರೆಯಲಿಲ್ಲ, ಕೋಪ ಬೇಡ. ಈಗ ಆರು ಟಬ್ಬುಗಳಿವೆ. ಅತ್ತೆಗೆ ಇನ್ನೂ ಬೇಕೆನಿಸಿತು, ಬಲಿತ ಗಡ್ಡೆಗಳನ್ನೇ ಮೂರು ಕೊಂಡು ತಂದೆ. ಎಲೆಗಳು ಛತ್ರಿಯಷ್ಟು ಅಗಲ. ಅಡುಗೆಮನೆಯಿಂದ ಕೈ ಚಾಚಿದರೆ ಸಿಗುವಂತೆ ಬಾಗಿಲಿಗೇ ಒತ್ತಿಕೊಂಡು ನಿಂತಿವೆ.

ನಾನೀಗ ಮಧ್ಯಾಹ್ನದ ಮೇಲೆ ಅಂಗಡಿಗೆ ಹೋಗುವುದಿಲ್ಲ. ಚೌಕಟ್ಟುಗಳನ್ನು ಮನೆಗೇ ತಂದು ತಿರುಪು ಬಿಗಿಯುತ್ತೇನೆ. ನಾವಿಬ್ಬರೇ ಇರುತ್ತೇವೆ.

ನಿನ್ನನ್ನು ಒಂದು ಕೇಳಬೇಕು. ಎಲೆ ವಿಷ ಎಂದಿದ್ದೆಯಲ್ಲ, ಎಷ್ಟು ತಿಂದರೆ ಅಪಾಯ? ಬೇಯಿಸಿದರೆ ವಿಷ ಹೋಗುತ್ತದೆಯೇ? ಬೇರೆ ಸೊಪ್ಪಿನ ಜೊತೆ ಬೆರೆತರೆ ರುಚಿಯಲ್ಲಿ ಗೊತ್ತಾಗುತ್ತದೆಯೇ? ವಯಸ್ಸಾದವರಿಗೆ ಬೇಗ ತಗಲುತ್ತದೆಯೇ?

ಯಾಕೆ ಎಂದು ಕೇಳಬೇಡ. ಇವರಿಗೂ ಬರೆಯಬೇಡ, ನಾದಿನಿಗಂತೂ ಸುತರಾಂ ಬೇಡ.

ಮೆಣಸಿ


ಜೂನ್ 7

ಮೆಣಸಿ,

ನಿನ್ನ ಕಾಗದವನ್ನು ಯಾರಿಗೂ ಸಿಗದಂತೆ ಪೆಟ್ಟಿಗೆಯ ತಳಕ್ಕೆ ಇಟ್ಟಿದ್ದೇನೆ.

ಬೇಯಿಸಿದರೆ ಹೋಗುವುದಿಲ್ಲ. ವಯಸ್ಸಾದವರಿಗೆ, ಮೂತ್ರಪಿಂಡ ದುರ್ಬಲವಾದವರಿಗೆ ಬೇಗ ತಗಲುತ್ತದೆ. ಎಷ್ಟು ಎಂಬ ಪ್ರಶ್ನೆಗೆ ನಾನು ಉತ್ತರ ಬರೆಯುವುದಿಲ್ಲ. ಎಲೆ ಕಿತ್ತ ಕೂಡಲೇ ಬಾಲ್ಕನಿಯಲ್ಲೇ ಚೀಲದಲ್ಲಿ ಕಟ್ಟಿ ಬಿಸಾಡು. ಒಂದು ಚೂರೂ ಹೊಸ್ತಿಲು ದಾಟಬಾರದು.

ಟಬ್ಬುಗಳು ಅಡುಗೆಮನೆ ಬಾಗಿಲಲ್ಲಿ ಇರುವುದು ಸರಿಯಲ್ಲ. ಆರನ್ನೂ ಈಗಲೇ ಹೊರಗಿನ ಅಂಚಿಗೆ ಸರಿಸು, ಕಂಬಿಗೆ ತಾಗುವಂತೆ ಸಾಲಾಗಿ. ರುಬಾರ್ಬ್ ತಂಪು ಬಯಸುವ ಗಿಡ. ಅಂಚಿನಲ್ಲಿ ಸಂಜೆಯ ತಣ್ಣನೆ ಗಾಳಿ ಗಡ್ಡೆಗೆ ತಗಲಿದರೆ ದಂಟು ಬಲಿಯುತ್ತದೆ, ಬಣ್ಣ ಬರುತ್ತದೆ. ಒಲೆಯ ಕಾವು ಅದಕ್ಕೆ ಆಗದು. ಇದನ್ನು ನಾಳೆ ಎನ್ನಬೇಡ.

ಇನ್ನೊಂದು. ಸಿಟ್ಟು ಬಂದ ದಿನ ಅಡುಗೆ ಮಾಡಬೇಡ. ಹೊರಗಿನಿಂದ ತರಿಸು, ಇಲ್ಲವೇ ಉಪವಾಸ ಮಲಗು. ಚಿಕ್ಕಂದಿನಲ್ಲಿ ನಿನಗೆ ಸಿಟ್ಟು ಬಂದರೆ ನಾನು ನಿನ್ನ ಕೈಯಿಂದ ಕತ್ತರಿ ತೆಗೆದಿಡುತ್ತಿದ್ದೆ, ನೆನಪಿದೆಯೇ? ಈಗ ನಾನು ದೂರದಲ್ಲಿದ್ದೇನೆ.

ಅತ್ತೆಯ ಆರೋಗ್ಯ ಹೇಗಿದೆ ಎಂದು ಪ್ರತಿ ಕಾಗದದಲ್ಲೂ ತಪ್ಪದೆ ಬರಿ.

ಅಕ್ಕ


ಜುಲೈ 1

ಅಕ್ಕಾ,

ನೀನು ಹೇಳಿದಂತೆ ಆರೂ ಟಬ್ಬು ಅಂಚಿಗೆ ಹೋದವು. ಕೆಳಗಿನ ಇಸ್ತ್ರಿ ಅಂಗಡಿಯವನನ್ನು ಕರೆದು, ಹಳೇ ಕಂಬಳಿಯ ಮೇಲೆ ಕೂರಿಸಿ ಎಳೆಸಿದೆ. ಸೊಂಟ ಹಿಡಿದುಕೊಂಡು, ‘ಇದೇನಕ್ಕಾ, ಗಿಡಾನೋ ಗಂಡಾನೋ, ಇಷ್ಟು ಭಾರ’ ಎಂದ. ಗಿಡಗಳ ಹಿಂದೆಯೇ ಅತ್ತೆಯ ಕುರ್ಚಿಯೂ ಅಂಚಿಗೆ ಹೋಯಿತು. ‘ನನ್ನ ಮಕ್ಕಳನ್ನ ಅಲ್ಲಿ ಬಿಟ್ಟು ನಾನಿಲ್ಲಿ ಕೂರೋದಾ?’ ಎನ್ನುತ್ತಾರೆ.

ಸರಿಸಿದ್ದರಿಂದ ಒಂದು ಉಪಕಾರವಾಯಿತು. ಮೊದಲು ನೀರು ಬಾಗಿಲಿಗೆ ಹರಿದು ಬರುತ್ತಿತ್ತಲ್ಲ, ಈಗ ಬರುವುದಿಲ್ಲ. ತಾನಾಗಿಯೇ ಆ ಕಡೆಗೆ ಹರಿದು ಅಂಚಿನಿಂದ ಕೆಳಗೆ ಬೀಳುತ್ತದೆ. ಕಾಲೊರೆಸು ಗರಿಗರಿ. ಇಸ್ತ್ರಿಯವನು ಮಾತ್ರ ತನ್ನ ಅಂಗಡಿಯ ಮುಂದೆ ಹನಿ ಬೀಳುತ್ತಿದೆ ಎಂದು ಗೊಣಗುತ್ತಾನೆ.

ತೊಂದರೆ ಎಂದರೆ, ಟಬ್ಬುಗಳ ಹೊರಭಾಗದ ಮಣ್ಣು ಸದಾ ಒದ್ದೆ, ಒಳಭಾಗ ಒಣ. ಎರಡು ಗಿಡಗಳ ದಂಟು ಹೊರಗಿನ ಬದಿಯಲ್ಲಿ ಬುಡಕ್ಕೆ ಮೆತ್ತಗಾಗಿದೆ. ಬಾಗಿಲ ಹೊಸ್ತಿಲು ಮತ್ತು ಬಾಲ್ಕನಿ ನೆಲದ ಮಧ್ಯೆ ಸಂದು ಬಿಟ್ಟು ಇರುವೆಗಳು ಬರುತ್ತಿವೆ. ಹಳೇ ಬಟ್ಟೆ ತುರುಕಿದ್ದೇನೆ. ಇರುವೆಗೂ ಬೇರು ಕೊಳೆಯುವುದಕ್ಕೂ ಸಂಬಂಧವಿದೆಯೇ? ಕಂಬಿ ಗೋಡೆಗೆ ಸೇರುವ ಕಡೆ ಹಾಲುಹಲ್ಲಿನಂತೆ ಅಲ್ಲಾಡುತ್ತಿತ್ತು. ಅತ್ತೆ ಒರಗಿಯಾರು ಎಂದು ತಂತಿ ಸುತ್ತಿ ಬಿಗಿದೆ.

ಅತ್ತೆ ಗುಂಡುಕಲ್ಲಿನಂತಿದ್ದಾರೆ. ನನ್ನ ಸಿಟ್ಟಿನ ಬಗ್ಗೆ ನಿನಗೇಕೆ ಇಷ್ಟು ಚಿಂತೆ? ನನಗೆ ಅವರ ಮೇಲೆ ಈಗ ಸಿಟ್ಟೇ ಬರುವುದಿಲ್ಲ.

ಮೆಣಸಿ


ಜುಲೈ 10

ಮೆಣಸಿ,

ಇರುವೆಗೂ ಕೊಳೆಗೂ ಸಂಬಂಧವಿಲ್ಲ. ಟಬ್ಬು ಹೊರಗೆ ವಾಲಿ ನೀರು ಒಂದೇ ಕಡೆ ನಿಲ್ಲುತ್ತಿದೆ, ಅಷ್ಟೇ. ಒಂದೊಂದರ ಹೊರಬದಿಗೂ ಇಟ್ಟಿಗೆ ಕೊಟ್ಟು ಸಮ ಮಾಡು. ಮೆತ್ತಗಾದ ದಂಟು ಕಿತ್ತುಹಾಕು. ಮೇಲಿನ ಮಣ್ಣು ಬೆರಳಿನ ಒಂದು ಗೆಣ್ಣಿನಷ್ಟು ಒಣಗುವ ತನಕ ಮತ್ತೆ ನೀರು ಬೇಡ.

ಅತ್ತೆ ಗುಂಡುಕಲ್ಲಿನಂತಿದ್ದಾರೆ ಎಂದರೆ ಸಾಲದು. ಅವರಿಗೆ ವಾಂತಿ, ಬಾಯಿ ಉರಿ, ಬೆನ್ನಿನ ಕೆಳಗೆ ನೋವು ಏನಾದರೂ ಇದೆಯೇ? ಹೊಟ್ಟೆ ಸರಿಯಿದೆಯೇ? ಇದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸು, ಏನು ತಿಂದರು ಎಂಬುದನ್ನು ಮುಚ್ಚಿಡದೆ ಹೇಳು. ಮಧ್ಯಾಹ್ನ ಅಂಗಡಿಗೆ ಹೋಗಲು ಶುರುಮಾಡು. ಇಡೀ ದಿನ ನೀವಿಬ್ಬರೇ ಇರುವುದು ಒಳ್ಳೆಯದಲ್ಲ.

ಅಕ್ಕ


ಜುಲೈ 29

ಅಕ್ಕನಿಗೆ,

ನೀನು ನನ್ನನ್ನು ಏನೋ ಕೇಳಬೇಕೆಂದಿದ್ದೀಯ, ಕೇಳುತ್ತಿಲ್ಲ. ನಾನೂ ಒಂದು ವಿಷಯ ಹೇಳಬೇಕೆಂದಿದ್ದೇನೆ, ಹೇಳಲು ಧೈರ್ಯವಿಲ್ಲ. ಹೋಗಲಿ, ಗಿಡದ ಮಾತಾಡೋಣ.

ಇಟ್ಟಿಗೆ ಕೊಟ್ಟೆ, ಸಮವಾಯಿತು. ಮುಂದಿನ ವಾರ ಮತ್ತೆ ವಾಲಿದವು. ಇನ್ನೊಂದು ಇಟ್ಟಿಗೆ ಕೊಟ್ಟೆ. ಈಗ ಮೂರು ದಿನದಿಂದ ಮಳೆ ಬಿಟ್ಟಿಲ್ಲ, ಮಣ್ಣು ನೀರು ಕುಡಿದು ಕಲ್ಲಿನಷ್ಟು ಭಾರವಾಗಿದೆ. ನೋಡಿದರೆ ಪುನಃ ವಾಲಿವೆ. ಇನ್ನೆಷ್ಟು ಇಟ್ಟಿಗೆ ಕೊಡಲಿ?

ಬಲಿತ ಗಡ್ಡೆಗಳಿಂದ ನಾಲ್ಕು ದಂಟು ಕೊಯ್ದೆವು. ಅತ್ತೆ ತಾವೇ ಒಲೆಯ ಮುಂದೆ ನಿಂತು ಸಕ್ಕರೆ ಹಾಕಿ ಬೇಯಿಸಿದರು. ನನಗೆ ಮೊದಲು ಬಡಿಸಿ, ನಾನು ತಿನ್ನುವುದನ್ನೇ ನೋಡುತ್ತಾ ಕೂತಿದ್ದರು. ‘ಒಣಗೈ ಅಲ್ಲ ಬಿಡು ನಿನ್ನದು’ ಎಂದರು. ನಾನು ಬಚ್ಚಲಿಗೆ ಹೋಗಿ ಅತ್ತುಬಿಟ್ಟೆ.

ಮೆಣಸಿ


ಆಗಸ್ಟ್ 5

ಮೆಣಸಿ,

ಬಾಲ್ಕನಿಗೆ ಕಾಲಿಡಬೇಡ. ಅತ್ತೆಯನ್ನು ಈ ಕ್ಷಣವೇ ಒಳಗೆ ಕರೆದುಕೊಂಡು ಬಾಗಿಲಿಗೆ ಬೀಗ ಹಾಕು.

ಒಂದು ಸಲ ಇಟ್ಟಿಗೆ ಕೊಟ್ಟ ಟಬ್ಬು ಎರಡನೇ ಸಲ ವಾಲುವುದಿಲ್ಲ. ಟಬ್ಬು ವಾಲುತ್ತಿಲ್ಲ, ನೆಲ ವಾಲುತ್ತಿದೆ. ನಿನ್ನ ಕಾಗದಗಳನ್ನೆಲ್ಲ ಮತ್ತೆ ತೆಗೆದು ಓದಿದೆ. ನೀರು ದಿಕ್ಕು ಬದಲಿಸಿದ್ದು, ಹೊಸ್ತಿಲಲ್ಲಿ ಸಂದು ಬಿಟ್ಟದ್ದು, ಕಂಬಿ ಗೋಡೆ ಬಿಟ್ಟು ಬಂದದ್ದು, ಎಲ್ಲವನ್ನೂ ನೀನು ಬರೆದಿದ್ದೆ. ನಮ್ಮ ನರ್ಸರಿಯ ಗಾಜಿನ ಮನೆಯ ಹಲಗೆ ಮುರಿಯುವ ಮೊದಲು ಕುಂಡಗಳೆಲ್ಲ ಹೀಗೆಯೇ ಒಂದು ಕಡೆಗೆ ಓಲುತ್ತವೆ. ನಾನು ನಿತ್ಯ ನೋಡುವ ವಿಷಯ. ನಿನ್ನ ಕಾಗದದಲ್ಲಿ ನನ್ನ ಕಣ್ಣು ಬೇರೇನನ್ನೋ ಹುಡುಕುತ್ತಿತ್ತು.

ಗಿಡ ಉಳಿಸಲು ಹೋಗಬೇಡ. ಟಬ್ಬು ಒಳಗೆ ಎಳೆಯಲು ಹೋಗಬೇಡ. ಹಾಳಾಗಿ ಹೋಗಲಿ. ಇಸ್ತ್ರಿಯವನಿಗೆ ಅಂಗಡಿ ಮುಂದೆ ನಿಲ್ಲಬೇಡ ಎನ್ನು, ಮಾಲೀಕರಿಗೆ ಹೇಳು, ಬೈದರೆ ಬೈಸಿಕೋ.

ನರ್ಸರಿಯ ಗುಮಾಸ್ತೆಯಿಂದ ನಿಮ್ಮ ಮನೆಗೆ ಬೆಳಗಿನಿಂದ ಫೋನ್ ಮಾಡಿಸುತ್ತಿದ್ದೇನೆ. ‘ರಿಂಗ್ ಆಗ್ತಿದೆ, ಯಾರೂ ಎತ್ತುತ್ತಿಲ್ಲ’ ಎಂದು ಚೀಟಿಯಲ್ಲಿ ಬರೆದು ತೋರಿಸುತ್ತಾಳೆ.

ಅಕ್ಕ


ಆಗಸ್ಟ್ 8

ಮೆಣಸಿ,

ಇವತ್ತೂ ಯಾರೂ ಎತ್ತಲಿಲ್ಲ. ಒಂದು ಸಾಲು ಬರಿ. ನನ್ನ ಮೇಲೆ ಸಿಟ್ಟಾಗಿದ್ದರೆ ಬೈದಾದರೂ ಬರಿ.

ಅಕ್ಕ


ಆಗಸ್ಟ್ 11

ಅಕ್ಕಾ,

ಫೋನ್ ಎತ್ತಲು ಮನೆಯಲ್ಲಿ ಯಾರೂ ಇರಲಿಲ್ಲ. ನಿನ್ನ ಐದನೇ ತಾರೀಖಿನ ಕಾಗದ ಬಂದಾಗ ಎಲ್ಲ ಮುಗಿದಿತ್ತು. ಅಂಚೆಯವನು ಮೇಲೆ ಹತ್ತಲು ಹೆದರಿ, ಬೀದಿಯಲ್ಲೇ ನನ್ನ ಕೈಗೆ ಕೊಟ್ಟ.

ನಾಲ್ಕನೇ ತಾರೀಖು ಬೆಳಿಗ್ಗೆ ಮಳೆ ನಿಂತು ಬಿಸಿಲು ಬಂದಿತ್ತು. ನಾನು ಅಂಗಡಿಗೆ ಹೊರಡಲು ತಲೆ ಬಾಚುತ್ತಿದ್ದೆ. ಅತ್ತೆ ಬಾಲ್ಕನಿಯಲ್ಲಿ ಕುರ್ಚಿಯಲ್ಲಿದ್ದರು. ಅಲ್ಲಿಂದಲೇ ಕೂಗಿದರು, ‘ಅಮ್ಮಾ, ಇವತ್ತು ಕೊಯ್ಯಲಾ?’ ಅವರು ಕರೆದದ್ದು ನನ್ನನ್ನು. ಇತ್ತೀಚೆಗೆ ಕೆಲವು ಬೆಳಿಗ್ಗೆ ನಾನು ಅವರಿಗೆ ಸೊಸೆಯಲ್ಲ, ತಾಯಿ. ‘ಕೊಯ್ಯಿ ಮಗಾ, ಎರಡೇ ಸಾಕು’ ಎಂದೆ. ದಪ್ಪ ಬಟ್ಟೆಯನ್ನು ಯಾರೋ ಎರಡೂ ಕೈಯಲ್ಲಿ ಹರಿದಂಥ ಸದ್ದಾಯಿತು. ಓಡಿ ಬಂದು ನೋಡಿದರೆ ಬಾಗಿಲ ಆಚೆ ಒಂದು ಗೇಣು ನೆಲ, ಅದರಾಚೆ ಬೆಳಕು ಮಾತ್ರ. ನಾನು ಸುತ್ತಿದ ತಂತಿ ಗೋಡೆಯಿಂದ ನೇತಾಡುತ್ತಿತ್ತು.

ಇಸ್ತ್ರಿಯವನು ಅಂಗಡಿಯ ಒಳಗಿದ್ದ, ಬದುಕಿದ. ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಕೆಳಗೆ ಹೋಗುವಷ್ಟರಲ್ಲಿ ಅವನು ಮಣ್ಣನ್ನು ಕೈಯಲ್ಲೇ ಬಗೆಯುತ್ತಿದ್ದ. ಎಲೆಗಳೇ ಎಲೆಗಳು, ಅವರು ಕಾಣಿಸಲೇ ಇಲ್ಲ. ಆಂಬುಲೆನ್ಸ್ ಬರುವ ಮೊದಲೇ ಹೋಗಿಬಿಟ್ಟರು. ಮುಖಕ್ಕೆ ಏನೂ ಆಗಿರಲಿಲ್ಲ.

ನಾನು ನಿನ್ನಿಂದ ಮುಚ್ಚಿಟ್ಟಿದ್ದು ಇದನ್ನೇ. ಚಳಿಗಾಲ ಕಳೆದಾಗಿನಿಂದ ಅವರಿಗೆ ಮರೆವು. ಒಲೆ ಹಚ್ಚಿ ಬಿಟ್ಟುಬಿಡುವುದು, ಚಪ್ಪಲಿಯನ್ನು ಬೀರುವಿನಲ್ಲಿ ಇಡುವುದು. ಮೇ ಕೊನೆಯಲ್ಲಿ ಒಂದು ದಿನ ಅಂಗಡಿಯಿಂದ ಬಂದಾಗ ರುಬಾರ್ಬಿನ ಎಲೆ ಹೆಚ್ಚಿ ಬೇರೆ ಸೊಪ್ಪಿನ ಜೊತೆ ಬೇಯಿಸಿ ಇಟ್ಟಿದ್ದರು. ತಟ್ಟೆಯಲ್ಲಿ ಅರ್ಧ ಖಾಲಿಯಾಗಿತ್ತು. ತಿಂದರೋ ಚೆಲ್ಲಿದರೋ ಅವರಿಗೇ ನೆನಪಿಲ್ಲ. ಎರಡು ದಿನ ಅವರ ಮಂಚದ ಪಕ್ಕ ಕೂತಿದ್ದೆ. ಏನೂ ಆಗಲಿಲ್ಲ. ಆಮೇಲೆ ನಿನಗೆ ಬರೆದೆ, ಮಧ್ಯಾಹ್ನ ಮನೆಯಲ್ಲೇ ಇರಲು ಶುರುಮಾಡಿದೆ. ಅಮ್ಮನಿಗೆ ಬುದ್ಧಿ ಜಾರಿದರೆ ವೃದ್ಧರ ಆಶ್ರಮಕ್ಕೆ ಸೇರಿಸಬೇಕೆಂದು ನಾದಿನಿ ಮೊದಲೇ ತೀರ್ಮಾನಿಸಿದ್ದಳು, ಇವರೂ ತಲೆಯಾಡಿಸಿದ್ದರು. ಅದಕ್ಕೇ ಯಾರಿಗೂ ಹೇಳಲಿಲ್ಲ. ಕಳಿಸಲು ನನಗೆ ಮನಸ್ಸಿರಲಿಲ್ಲ.

ಈಗ ನಾನು ನಾದಿನಿಯ ಮನೆಯ ಹಜಾರದಲ್ಲಿ ಮಲಗುತ್ತಿದ್ದೇನೆ. ಅವಳು ನೇರವಾಗಿಯೇ ಕೇಳಿದಳು: ‘ಅಮ್ಮನ ಕುರ್ಚಿ ಅಂಚಿಗೆ ಯಾಕೆ ಹೋಯ್ತು? ಅಷ್ಟೂ ಭಾರ ಅಂಚಿಗೇ ಯಾಕೆ ತಳ್ಳಿದೆ? ನಿಮ್ಮಿಬ್ಬರಿಗೂ ಆಗ್ತಿರಲಿಲ್ಲ ಅಂತ ಊರಿಗೇ ಗೊತ್ತು.’ ಮಾಲೀಕರು ಟಬ್ಬುಗಳಿಂದಲೇ ಬಿದ್ದದ್ದು ಎನ್ನುತ್ತಿದ್ದಾರೆ. ಒಬ್ಬ ಎಂಜಿನಿಯರ್ ಬಂದು ವಿಚಾರಿಸುತ್ತಿದ್ದಾರೆ, ಪೊಲೀಸರೂ ಬಂದಿದ್ದರು. ಗಿಡದ ಕೆಲಸ ಬಲ್ಲ ನಮ್ಮಕ್ಕ ತಣ್ಣನೆ ಗಾಳಿ ಬೇಕೆಂದು ಹೇಳಿದಳು, ಅದಕ್ಕೇ ಸರಿಸಿದೆ ಎಂದೆ. ಹಾಗಿದ್ದರೆ ಅದನ್ನು ಬರೆದು ತರಿಸಿ ಎಂದರು.

ಬರೆದುಕೊಡು ಅಕ್ಕಾ. ಈಗಲೇ ಬರಬೇಡ, ಇಲ್ಲಿ ನಿನ್ನನ್ನು ಮಲಗಿಸಲು ಜಾಗವಿಲ್ಲ.

ಮೆಣಸಿ


ಆಗಸ್ಟ್ 17

ಮೆಣಸಿ,

ಜೊತೆಗಿರುವ ಹಾಳೆಯನ್ನು ಅವರಿಗೆ ಕೊಡು. ನಕಲು ಇಟ್ಟುಕೋ. ಊಟ ಬಿಡಬೇಡ.

ಅಕ್ಕ

(ಜೊತೆಯ ಹಾಳೆ)

ಸಂಬಂಧಪಟ್ಟವರಿಗೆ. ನಾನು ಮೂವತ್ತು ವರ್ಷಗಳಿಂದ ನರ್ಸರಿಯಲ್ಲಿ ಕೆಲಸ ಮಾಡುತ್ತಿದ್ದೇನೆ. ನನ್ನ ತಂಗಿಗೆ ಗಿಡಗಳ ಬಗ್ಗೆ ಸ್ವಂತ ತಿಳಿವಳಿಕೆ ಇಲ್ಲ. ದೊಡ್ಡ ಟಬ್ಬು, ಭಾರದ ಮಣ್ಣು, ಧಾರಾಳ ನೀರು, ಎಲ್ಲವೂ ನಾನು ಹೇಳಿದ್ದು. ಜೂನ್ ತಿಂಗಳಲ್ಲಿ ಆರು ಟಬ್ಬುಗಳನ್ನೂ ಹೊರಗಿನ ಅಂಚಿಗೆ ಸರಿಸಲು ನಾನೇ ಪತ್ರದಲ್ಲಿ ಒತ್ತಾಯಿಸಿದೆ. ತಣ್ಣನೆ ಗಾಳಿಯಿಂದ ದಂಟು ಬಲಿಯುತ್ತದೆ ಎಂದು ಕಾರಣ ಕೊಟ್ಟಿದ್ದೆ. ಆ ಕಾರಣ ತಪ್ಪು. ರುಬಾರ್ಬಿಗೆ ಚಳಿ ಬೇಕಾದದ್ದು ಚಳಿಗಾಲದಲ್ಲಿ, ಅದು ಮಲಗಿರುವಾಗ. ಬೆಳೆಯುವ ಕಾಲದಲ್ಲಿ ಬಾಲ್ಕನಿಯ ಬಾಗಿಲಿಗೂ ಅಂಚಿಗೂ ಗಿಡಕ್ಕೆ ಯಾವ ವ್ಯತ್ಯಾಸವೂ ಇಲ್ಲ. ಆಮೇಲೆ ನೆಲ ಇಳಿಯುತ್ತಿರುವ ಲಕ್ಷಣಗಳನ್ನು ಆಕೆ ಬರೆದು ಕೇಳಿದಾಗಲೂ ಇಟ್ಟಿಗೆ ಇಡಲು ಹೇಳಿದವಳು ನಾನೇ. ಆಕೆ ಹಿರಿಯಳ ಮಾತು ಕೇಳಿದಳು, ಅಷ್ಟೇ. ತಪ್ಪು ನನ್ನದು.


ಸೆಪ್ಟೆಂಬರ್ 24

ಅಕ್ಕನಿಗೆ,

ನಿನ್ನ ಹಾಳೆಯನ್ನು ಒಪ್ಪಿಕೊಂಡರು. ಬಿದ್ದ ನೆಲದ ಒಳಗಿನ ಕಬ್ಬಿಣ ನಾವು ಆ ಮನೆಗೆ ಬರುವ ಮೊದಲೇ ತುಕ್ಕು ಹಿಡಿದು ನೂಲಿನಷ್ಟಾಗಿತ್ತಂತೆ. ಮೇಲಿನ ಮಹಡಿಯ ಬಾಲ್ಕನಿಗೂ ಆಧಾರ ಕೊಟ್ಟಿದ್ದಾರೆ. ಪೊಲೀಸರು ಇನ್ನು ನನ್ನನ್ನು ಕರೆಯುವುದಿಲ್ಲವಂತೆ. ಇವರು ಬಂದಿದ್ದಾರೆ. ನಿನ್ನ ಹಾಳೆಯನ್ನು ಓದಿ, ‘ನಿಮ್ಮಕ್ಕ ದೊಡ್ಡ ಮನಸ್ಸಿನವರು’ ಎಂದರು. ನಾದಿನಿಯೂ ಓದಿದಳು. ಅಂದಿನಿಂದ ನನಗೆ ಊಟ ಬಡಿಸುವಾಗ ಮುಖ ನೋಡುತ್ತಾಳೆ. ಬಸ್ ನಿಲ್ದಾಣದ ಹತ್ತಿರ ಬೇರೆ ಮನೆ ಹಿಡಿದಿದ್ದೇವೆ, ನೆಲಮಾಳಿಗೆ. ಅಲ್ಲಿ ಬಿಸಿಲು ಬೀಳುವುದಿಲ್ಲ. ನನಗೆ ಅದೇ ಬೇಕಿತ್ತು.

ನೀನು ನರ್ಸರಿಯ ಕೆಲಸ ಬಿಟ್ಟೆ ಎಂದು ಗುಮಾಸ್ತೆ ಫೋನಿನಲ್ಲಿ ಹೇಳಿದಳು. ಇವರು ಅದಕ್ಕೂ ಮರುಗಿದರು.

ನಾನು ಆ ಹಾಳೆಯನ್ನು ಬಹಳ ಸಲ ಓದಿದೆ. ಬೇರೆಯವರು ಓದಿದಂತೆ ಓದಲು ನನಗೆ ಆಗುತ್ತಿಲ್ಲ. ಗಿಡದ ವಿಷಯದಲ್ಲಿ ನೀನು ತಪ್ಪು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ರುಬಾರ್ಬಿಗೆ ಚಳಿ ಯಾವಾಗ ಬೇಕೆಂಬುದು ಆಗಸ್ಟಿನಲ್ಲಿ ಗೊತ್ತಿದ್ದವಳಿಗೆ ಜೂನಿನಲ್ಲೂ ಗೊತ್ತಿತ್ತು.

ಜೂನಿನಲ್ಲಿ ನಾನು ಎಲೆಯ ಬಗ್ಗೆ ಕೇಳಿದೆ. ನೀನು ಟಬ್ಬುಗಳನ್ನು ಅಡುಗೆಮನೆಯಿಂದ ದೂರ ಕಳಿಸಿದೆ. ಸಿಟ್ಟು ಬಂದರೆ ಅಡುಗೆ ಮಾಡಬೇಡ ಎಂದೆ. ಮುಂದಿನ ಕಾಗದದಲ್ಲಿ ಅತ್ತೆಯ ಹೊಟ್ಟೆ ವಿಚಾರಿಸಿದೆ. ಆಗ ನನಗೆ ಅದು ಅಕ್ಕರೆ ಅನ್ನಿಸಿತ್ತು, ನೀನು ಹೆದರಿದ್ದು ನನ್ನ ಕೈಗೆ ಎಂದು ಹೊಳೆದಿರಲಿಲ್ಲ. ಅತ್ತೆಗೂ ಹೇಳಿದ್ದೆ, ‘ನಮ್ಮಕ್ಕ ನಿಮ್ಮನ್ನ ಕೇಳಿದ್ದಾಳೆ’ ಎಂದು. ‘ಒಳ್ಳೇ ಹೆಂಗಸು’ ಎಂದಿದ್ದರು.

ಯಾರಿಗೂ ನಾನು ಇದನ್ನು ಹೇಳಿಲ್ಲ, ಹೇಳುವುದೂ ಇಲ್ಲ. ನೀನೂ ಈ ಕಾಗದಕ್ಕೆ ಉತ್ತರ ಬರೆಯಬೇಡ. ಬರೆದರೆ ನಾನು ಓದಬೇಕಾಗುತ್ತದೆ.

ಮೆಣಸಿ